ಎರಡು ಸಲ ಕೆಮ್ಮುವ ಕಾರು

ನಮ್ಮ ಮನೆಯ ಬಾಲ್ಕನಿಯಲ್ಲಿ ಈಗ ಒಂದು ಸೈಲೆನ್ಸರ್ ಮಲಗಿದೆ. ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಹಳೆಯ ಮಲಯಾಳ ಪತ್ರಿಕೆಗಳನ್ನು ಹಾಸಿ, ಅದರ ಮೇಲೆ ಬಾಣಂತಿಯ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ್ದೇನೆ. ಎರ್ನಾಕುಲಂನ ಉಪ್ಪುಗಾಳಿ ತಿಂದು ಅದರ ಹೊಟ್ಟೆಯಲ್ಲಿ ಒಂದು ತೂತಾಗಿತ್ತು. ವೆಲ್ಡಿಂಗ್ ಮಾಡುವವರು ಬಿಚ್ಚಿ ಕೆಳಗಿಟ್ಟು, ಸರಿಯಾದ ತಗಡು ಬರಲು ಒಂದು ವಾರವಾಗುತ್ತದೆ, ಇಲ್ಲೇ ಬಿಟ್ಟು ಹೋಗಿ ಎಂದರು. ನನಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಬ್ಯಾಂಕಿನ ಮ್ಯಾನೇಜರಮ್ಮ ಇಸ್ತ್ರಿ ಮಾಡಿದ ಸೀರೆಯಲ್ಲಿ ಸೈಲೆನ್ಸರ್ ಅಪ್ಪಿಕೊಂಡು ಲಿಫ್ಟಿಗೆ ಕಾಯುತ್ತಿದ್ದುದನ್ನು ನೋಡಿ ನಮ್ಮ ಫ್ಲ್ಯಾಟಿನವರು ಏನೆಂದುಕೊಂಡರೋ ಕೇಳಲು ಹೋಗಿಲ್ಲ.

ನಮ್ಮನೆಯವರು ಮಾತ್ರ ‘ಅತಿಥಿ ಯಾವಾಗ ಹೊರಡುತ್ತಾರೆ’ ಎಂದು ದಿನಾ ಕೇಳುತ್ತಾರೆ. ಮನೆಗೆಲಸಕ್ಕೆ ಬರುವ ಶಾಂತಚೇಚಿ ಅದನ್ನು ಸುತ್ತುಬಳಸಿ ಗುಡಿಸುತ್ತಾಳೆ, ಹತ್ತಿರ ಹೋಗುವುದಿಲ್ಲ. ಮೊನ್ನೆ ಪೊರಕೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದು, “ಅವಿಡೆ ಆರೋ ಚುಮಚ್ಚು,” ಎಂದಳು. ಅಲ್ಲಿ ಯಾರೋ ಕೆಮ್ಮಿದರಂತೆ. ಪಕ್ಕದ ಮನೆಯ ಹಿರಿಯರಿರಬೇಕು ಎಂದು ಸಮಾಧಾನ ಹೇಳಿ ಕಳುಹಿಸಿದೆ. ಪಕ್ಕದ ಮನೆಗೆ ಬೀಗ ಬಿದ್ದು ತಿಂಗಳಾಯಿತು ಎನ್ನುವುದು ಅವಳು ಹೋದ ಮೇಲೆ ನೆನಪಾಯಿತು.

ಇದನ್ನು ಹೇಳಬೇಕಾದರೆ ನನ್ನ ಕಿವಿಯ ವಿಷಯ ಮೊದಲು ಹೇಳಬೇಕು. ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನ್ನ ಕಿವಿಗೆ ಗಾಡಿಗಳ ಸದ್ದಿನ ಚಟ. ಮೈಸೂರಿನಲ್ಲಿ ನಾನು ಚಿಕ್ಕವಳಾಗಿದ್ದಾಗ ನಮ್ಮ ತಂದೆಯ ಸ್ಕೂಟರು ಬೀದಿಯ ಕೊನೆಗೆ ತಿರುಗುವಾಗಲೇ ನಾನು ‘ಬಂದ್ರು’ ಎಂದು ಕೂಗುತ್ತಿದ್ದೆ, ಅಮ್ಮ ಹಾಲು ಬಿಸಿಗಿಡುತ್ತಿದ್ದರು. ತಂದೆ ಚಪ್ಪಲಿ ಬಿಡುವ ಹೊತ್ತಿಗೆ ಕಾಫಿ ಲೋಟದಲ್ಲಿರುತ್ತಿತ್ತು. ಒಮ್ಮೆ ನಾನು ಕೂಗಿದೆ, ಹಾಲು ಉಕ್ಕಿತು, ಡಿಕಾಕ್ಷನ್ ಬೆರೆಯಿತು, ತಂದೆ ಬರಲಿಲ್ಲ. ಕಾಫಿ ಆರಿ ಕೆನೆ ಕಟ್ಟಿದ ಮೇಲೆ ನಡೆದುಕೊಂಡು ಬಂದರು. ಸ್ಕೂಟರು ಆಫೀಸಿನ ಮುಂದೆಯೇ ಕೆಟ್ಟು ನಿಂತಿತ್ತಂತೆ, ಹೊರಟೇ ಇರಲಿಲ್ಲ. ಅಮ್ಮ ನನ್ನನ್ನು ಗದರಲಿಲ್ಲ. ಮೆಲ್ಲಗೆ, “ನನಗೂ ಕೇಳಿಸ್ತು ಕಣೇ,” ಎಂದರು. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಇಂಥ ಕಿವಿಯಿದ್ದವಳು ದೊಡ್ಡವಳಾಗಿ ಕಾರಿನ ಹುಚ್ಚಿಗೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ದೊಡ್ಡ ಕಾರಿನ ಹುಚ್ಚಲ್ಲ. ಆ ಕಾಲದಲ್ಲಿ ಕೆಲವು ಪುಟ್ಟ ಹ್ಯಾಚ್‌ಬ್ಯಾಕುಗಳು ಬರುತ್ತಿದ್ದವು, ನೋಡಲು ಸೋಪಿನ ಡಬ್ಬಿ, ಒಳಗೆ ತುಂಟ ಎಂಜಿನ್. ನನ್ನ ಕಾರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ‘ನಮ್ಮ ಭಾವನ ಹತ್ತಿರವೂ ಇತ್ತು’ ಎನ್ನುತ್ತೀರಿ, ಉಳಿದವರು ಮೈಲೇಜ್ ಕೇಳುತ್ತೀರಿ. ಕೆಂಪು ಬಣ್ಣ, ಕೈಯಲ್ಲಿ ತಿರುಗಿಸಿ ಇಳಿಸುವ ಕಿಟಕಿ, ಹಿಂದುಗಡೆ ‘ಸ್ಪೋರ್ಟ್’ ಎಂದು ಹೇಳಿಕೊಳ್ಳುವ ಒಂದು ಸ್ಟಿಕ್ಕರು. ಸ್ಟೇರಿಂಗ್ ಬೀಸುವ ಕಲ್ಲಿನಷ್ಟು ಭಾರ. ಆದರೆ ತಿರುವಿನಲ್ಲಿ ಅದನ್ನು ಒಮ್ಮೆ ತಿರುಗಿಸಿ ನೋಡಬೇಕು. ಕಾರು ನೀವು ಹೇಳಿದ ಕಡೆಗೆ ಹೋಗುವುದಿಲ್ಲ, ನೀವು ಯೋಚಿಸಿದ ಕಡೆಗೆ ಹೋಗುತ್ತದೆ. ಈಗಿನ ಕಾರುಗಳಲ್ಲಿ ಕುಳಿತರೆ ನನಗೆ ಬ್ಯೂಟಿ ಪಾರ್ಲರಿನಲ್ಲಿ ಕುಳಿತ ಹಾಗಾಗುತ್ತದೆ. ಎಲ್ಲ ಮೆತ್ತಗೆ, ಎಲ್ಲ ತಣ್ಣಗೆ, ಕೈಗೆ ಕೆಲಸವಿಲ್ಲ.

ನನ್ನಂಥ ಐದಾರು ಮಂದಿ ಹುಚ್ಚರು ಎರ್ನಾಕುಲಂನಲ್ಲಿ ಒಬ್ಬರನ್ನೊಬ್ಬರು ಪತ್ತೆಹಚ್ಚಿಕೊಂಡೆವು. ಎಲ್ಲರದೂ ಅದೇ ಮಾದರಿ. ಭಾನುವಾರ ಬೆಳಿಗ್ಗೆ ಏಲೂರಿನ ಕಡೆ ಕಾರ್ಖಾನೆಗಳ ಗೋಡೆಯ ಪಕ್ಕದ ಅಗಲ ರಸ್ತೆಯಲ್ಲಿ ಸೇರುತ್ತಿದ್ದೆವು. ಅಲ್ಲಿ ಅಮೋನಿಯಾ ವಾಸನೆ ಮೂಗು ಚುಚ್ಚುವುದರಿಂದ ವಾಕಿಂಗಿಗೆ ಯಾರೂ ಬರುವುದಿಲ್ಲ, ನಮಗೆ ಅಡ್ಡಿಯೂ ಇಲ್ಲ. ಬಾನೆಟ್ ಎತ್ತಿ, ಹಾಲಿಲ್ಲದ ಕಟ್ಟನ್‌ಚಾಯ ಕುಡಿಯುತ್ತಾ, ಒಬ್ಬರ ಎಂಜಿನನ್ನು ಇನ್ನೊಬ್ಬರು ಹೊಗಳುವುದು, ಬೀಗಿತಿಯರ ಸಭೆಯಂತೆ ಹೊಗಳುತ್ತಲೇ ಒಂದು ಕೊಂಕು ಸೇರಿಸುವುದು. ಆ ಗುಂಪಿನಲ್ಲಿ ಕನ್ನಡ ಮಾತಾಡುವವರು ನಾನು ಮತ್ತು ರಾಮಚಂದ್ರಣ್ಣ ಇಬ್ಬರೇ. ಅವರು ಕಾಸರಗೋಡಿನವರು, ಸರ್ಕಾರಿ ವಕೀಲರು. ನನ್ನ ಮೈಸೂರು ಕನ್ನಡ ಕೇಳಿ, “ನೀವು ಮಾತಾಡುದಾ ಮಾತು ನುಂಗುದಾ?” ಎಂದು ಮೊದಲ ದಿನವೇ ಕೀಟಲೆ ಮಾಡಿದ್ದರು.

ಅವರ ಕಾರಿನ ಸದ್ದು ಬೇರೆ. ತಿರುವನಂತಪುರಕ್ಕೆ ಮನೆ ಬದಲಿಸಿದ ಮೇಲೆ ಚಾಲೈ ಮಾರುಕಟ್ಟೆಯ ಹಿಂದಿನ ಒಂದು ಗುಜರಿ ಅಂಗಡಿಯಿಂದ ಕೊಳವೆ ಆರಿಸಿ ತಂದು, ತಮಗೆ ಬೇಕಾದ ಹಾಗೆ ಸೈಲೆನ್ಸರ್ ಮಾಡಿಸಿಕೊಂಡಿದ್ದರು. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಅದು ಎರಡು ಸಲ ಕೆಮ್ಮುತ್ತಿತ್ತು, ಹಿರಿಯರು ಒಳಗೆ ಬರುವ ಮುನ್ನ ಬಾಗಿಲಲ್ಲಿ ಕೆಮ್ಮುವ ಹಾಗೆ. ಅಷ್ಟೇ ಆಗಿದ್ದರೆ ಯಾರು ಬೇಕಾದರೂ ಕೆಮ್ಮಿಸಬಹುದಿತ್ತು. ರಾಮಚಂದ್ರಣ್ಣ ಗೇರು ಇಳಿಸುವಾಗ ಎರಡು ಕೆಮ್ಮಿನ ನಡುವೆ ಆಕ್ಸಿಲರೇಟರನ್ನು ಪಾದದ ಅಂಚಿನಿಂದ ಒಮ್ಮೆ ತಟ್ಟುತ್ತಿದ್ದರು. ಕೆಮ್ಮು, ತಟ್ಟು, ಕೆಮ್ಮು. ನಾನು ಎಷ್ಟು ಅಭ್ಯಾಸ ಮಾಡಿದರೂ ಅದು ಬರಲಿಲ್ಲ, ಒಂದೋ ತಟ್ಟುವುದು ಮುಂಚೆಯಾಗುತ್ತದೆ, ಇಲ್ಲ ಆಮೇಲಾಗುತ್ತದೆ. ಸೈಲೆನ್ಸರ್ ಯಾರದ್ದೂ ಆಗಬಹುದು, ಪಾದ ಒಬ್ಬರದ್ದೇ.

ಅವರ ಹೆಂಡತಿ ಸುಮತಿ ಅಕ್ಕ ಅಲ್ಲೇ ಒಂದು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ಅವರ ಬಾಡಿಗೆ ಮನೆಯ ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಗೇಟು ಮೊದಲೇ ತೆರೆದಿದ್ದರೆ ಮಾತ್ರ ಕಾರು ಒಂದೇ ಸಲಕ್ಕೆ ಒಳಗೆ ತಿರುಗುತ್ತದೆ. ಗಲ್ಲಿಯ ತಿರುವಿನಲ್ಲಿ ಒಂದು ಮೋರಿ. ರಾಮಚಂದ್ರಣ್ಣ ಮೋರಿಯ ಮುಂದೆ ಗೇರು ಇಳಿಸುವುದು, ಆ ಕೆಮ್ಮು-ತಟ್ಟು-ಕೆಮ್ಮು ಕೇಳಿದ ಕೂಡಲೇ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಗೇಟು ತೆಗೆಯುವುದು. ವರ್ಷಗಟ್ಟಲೆ ಹಾಗೆ ನಡೆದಿತ್ತು. ಹಾರ್ನ್ ಹಾಕಿದ್ದು ನನಗೆ ನೆನಪಿಲ್ಲ.

ರಾಮಚಂದ್ರಣ್ಣ ತೀರಿಕೊಂಡದ್ದು ಕಾರಿನಲ್ಲಲ್ಲ. ಒಂದು ಮಧ್ಯಾಹ್ನ ಕಚೇರಿಯಲ್ಲಿ ಊಟದ ಡಬ್ಬಿ ಮುಚ್ಚಿ, ಕುರ್ಚಿಗೆ ಒರಗಿದವರು ಏಳಲಿಲ್ಲ. ನಾವೆಲ್ಲ ಹೋದೆವು. ಎಲ್ಲರೂ ಅತ್ತೆವು. ಅತ್ತು ಮುಗಿಸಿದ ಮೇಲೆ ಎಲ್ಲರ ಕಣ್ಣೂ ಮೆಲ್ಲಗೆ ಪೋರ್ಚಿನ ಕಡೆಗೆ ಹೋಯಿತು. ನಗಬೇಡಿ, ನಮ್ಮಂಥವರು ಸಾವಿನ ಮನೆಯಲ್ಲೂ ಗೇರ್‌ಬಾಕ್ಸಿನ ಆರೋಗ್ಯ ವಿಚಾರಿಸುವ ಜನ.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿಯಿದೆ. ಕಂಪನಿ ಆ ಕಾರು ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು, ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ. ಅದಕ್ಕೆ ಒಬ್ಬರ ಕಾರಿನ ಕಾಲ ಮುಗಿದರೆ ಅದನ್ನು ಗುಜರಿಗೆ ಕೊಡದೆ ಬಿಚ್ಚಿ ಉಳಿದವರ ಕಾರುಗಳಿಗೆ ಹಂಚುತ್ತೇವೆ. ಹಂಚಿದ ಭಾಗವನ್ನು ಜೋಡಿಸಿದ ಮೇಲೆ ಮೊದಲ ಸಲ ಕೀಲಿ ತಿರುಗಿಸಬೇಕಾದವರು ಆ ಭಾಗ ಯಾರ ಮನೆಯದೋ ಆ ಮನೆಯವರು. ಯಾರು ಶುರುಮಾಡಿದ ಪದ್ಧತಿಯೋ ತಿಳಿಯದು, ಮುರಿಯಲು ಯಾರಿಗೂ ಧೈರ್ಯವಿಲ್ಲ. ಸುಮತಿ ಅಕ್ಕನೇ ಹೇಳಿ ಕಳುಹಿಸಿದರು, ಒಯ್ಯಿರಿ, ಅವರಿಗೂ ಅದೇ ಇಷ್ಟವಿತ್ತು ಎಂದು. ಬಾಗಿಲು ಒಬ್ಬರಿಗೆ, ಗೇರ್‌ಬಾಕ್ಸ್ ಒಬ್ಬರಿಗೆ, ರೇಡಿಯೇಟರ್ ಒಬ್ಬರಿಗೆ. ನನ್ನ ಪಾಲಿಗೆ ಸೈಲೆನ್ಸರ್ ಬಂತು.

ಜೋಡಿಸಿ ಅವರ ಮನೆಗೆ ಒಯ್ದ ದಿನ ಅಕ್ಕ ಡ್ರೈವರ್ ಸೀಟಿನಲ್ಲಿ ಕುಳಿತು ಕೀಲಿ ತಿರುಗಿಸಿದರು. ಎಂಜಿನ್ ಎದ್ದಿತು. ಅವರಿಗೆ ಕಾರು ಓಡಿಸಲು ಬಾರದು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಬಿಟ್ಟರು, ಅದು ಎರಡು ಸಲ ಕೆಮ್ಮಿತು. ಅಕ್ಕನ ಮುಖ ನೋಡಲಾಗದೆ ನಾನು ಬಾನೆಟ್ ಒರೆಸುವ ನಾಟಕ ಮಾಡಿದೆ. ಅವರು ಇಳಿದು ಗೇಟಿನ ತನಕ ಹೋಗಿ, ಅದನ್ನು ತೆಗೆದು, ಮತ್ತೆ ಹಾಕಿ, ಏನೂ ಆಗದವರಂತೆ ಒಳಗೆ ಹೋದರು.

ಇದಾಗಿ ಕೆಲವು ತಿಂಗಳ ಮೇಲೆ ಅವರ ಮಗಳು ಅನಘಾ ಫೋನ್ ಮಾಡಿದಳು. ಅವಳು ಎರ್ನಾಕುಲಂನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. “ಅಮ್ಮ ಪೋವಿಲ್ಲ ಆಂಟೀ. ಅಚ್ಛನ್ ವರುನ್ನುಂಡೆನ್ನಾ ಪರಯುನ್ನದ್,” ಎಂದಳು. ಅಮ್ಮ ಹೋಗುವುದಿಲ್ಲವಂತೆ, ಅಪ್ಪ ಬರುತ್ತಿದ್ದಾರೆ ಎನ್ನುತ್ತಾರಂತೆ.

ಹೋಗಬೇಕಾದದ್ದು ಮಂಗಳೂರಿಗೆ. ವರ್ಗಾವಣೆಯ ಕೆಲಸದಲ್ಲಿರುವವರಿಗೆ ನಾನು ವಿವರಿಸಬೇಕಾಗಿಲ್ಲ. ನಾವು ಇಲ್ಲಿ ಎಷ್ಟು ವರ್ಷ ಇದ್ದರೂ ಒಂದು ಸೂಟ್‌ಕೇಸು ಮನಸ್ಸಿನಲ್ಲಿ ಕಟ್ಟಿಯೇ ಇರುತ್ತದೆ. ಅಕ್ಕ ಮಂಗಳೂರು ಕೇಳಿ ಕೇಳಿ ಬೇಸತ್ತು ಕೇಳುವುದನ್ನೇ ಬಿಟ್ಟಿದ್ದರು. ಈಗ, ಗಂಡ ಹೋದ ಮೇಲೆ, ಆರ್ಡರ್ ಬಂದಿತ್ತು. ಅಲ್ಲಿ ತಂಗಿಯಿದ್ದಾಳೆ, ತಮ್ಮ ಮಾತಾಡುವ ಜನವಿದ್ದಾರೆ. ಆ ತಿಂಗಳಲ್ಲಿ ಹೊರಡದಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತಿತ್ತು, ಮತ್ತೆ ಸಿಗುವ ಭರವಸೆಯಿರಲಿಲ್ಲ. ಅಕ್ಕ ಮಾತ್ರ, ಭಾನುವಾರ ಬೆಳಿಗ್ಗೆ ಗಲ್ಲಿಯ ತಿರುವಿನ ತನಕ ಅವರ ಕಾರು ಬರುತ್ತದೆ, ನಾನು ಹೇಗೆ ಹೋಗಲಿ, ಎಂದು ಕುಳಿತಿದ್ದರು. ಬೇರೆ ವಿಷಯದಲ್ಲೆಲ್ಲ ಲೆಕ್ಕ ಸರಿಯಾಗಿದ್ದ ಹೆಂಗಸು. ಕಚೇರಿಗೆ ಹೋಗುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಮಗಳಿಗೆ ಉಪ್ಪಿನಕಾಯಿ ಕಳುಹಿಸುತ್ತಿದ್ದರು.

ಒಂದು ಶನಿವಾರ ಅನಘಾಳನ್ನು ಕೂರಿಸಿಕೊಂಡು ತಿರುವನಂತಪುರಕ್ಕೆ ಹೊರಟೆ. ಹೆದ್ದಾರಿಯನ್ನು ಅಗೆದು ಹಾಕಿದ ಕಡೆಗಳಲ್ಲಿ ನನ್ನ ಕಾರು ಆಡಿನ ಮರಿಯ ಹಾಗೆ ಹಾರುತ್ತಾ ಹೋಯಿತು. ಬೇರೆ ದಿನವಾಗಿದ್ದರೆ ನನಗೆ ಖುಷಿಯೋ ಖುಷಿ. ಆ ದಿನ ಮಾತ್ರ ಪ್ರತಿ ಸಲ ಕಾಲೆತ್ತಿದಾಗ ಹಿಂದಿನಿಂದ ಕೆಮ್ಮು ಕೇಳಿ, ಹಿಂದಿನ ಸೀಟಿನಲ್ಲಿ ಯಾರೋ ಕುಳಿತ ಹಾಗಾಗಿ, ನಾನು ಕನ್ನಡಿ ನೋಡುವುದನ್ನು ಆದಷ್ಟು ತಪ್ಪಿಸಿದೆ. ಅನಘಾ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು. ಆಲಪ್ಪುಳ ದಾಟಿದ ಮೇಲೆ ತಾನಾಗಿಯೇ ಹೇಳಿದಳು. ಭಾನುವಾರ ಬರುವುದು ತಾನೇ ಎಂದು ಆಂಟಿ ಹೇಳಿದರೆ ಅಮ್ಮ ನಂಬುತ್ತಾರೆ, ಸೈಲೆನ್ಸರ್ ಇರುವುದು ಆಂಟಿಯ ಕಾರಿನಲ್ಲಲ್ಲವೇ ಎಂದು.

ಗಲ್ಲಿಯ ತಿರುವಿಗೆ ಬಂದಾಗ ಮೋರಿಯ ಮುಂದೆ ಗೇರು ಇಳಿಸಲೇಬೇಕಾಯಿತು. ಎರಡು ಕೆಮ್ಮು. ನಾನು ಬೇಕೆಂದೇ ನಡುವೆ ತಟ್ಟಲು ಹೋಗಲಿಲ್ಲ. ಗೇಟು ಮುಚ್ಚಿತ್ತು. ಅನಘಾ ಇಳಿದು ಹೋಗಿ ತೆಗೆದಳು. ಅಕ್ಕ ಒಳಗಿನಿಂದ ಬಂದು, ನಿನ್ನದು ಅಂತ ಗೊತ್ತಾಯಿತು, ಒಲೆಯ ಮೇಲೆ ಎಣ್ಣೆ ಇತ್ತು, ಅದಕ್ಕೆ ಏಳಲಿಲ್ಲ ಎಂದರು. ಅವರ ಕಿವಿ ನನ್ನ ಕಿವಿಗಿಂತ ಒಂದು ಕೈ ಮೇಲು.

ಸಂಜೆ ಅನಘಾ ಅಂಗಡಿಗೆ ಹೋಗಿದ್ದಳು. ಇಲ್ಲಿನವರು ಸಿಟ್‌ಔಟ್ ಎನ್ನುವ ಮುಂದಿನ ಜಗಲಿಯಲ್ಲಿ ಕುಳಿತು ಅಕ್ಕ ಬೀನ್ಸಿನ ನಾರು ತೆಗೆಯುತ್ತಿದ್ದರು. ಎಂದಿನ ದನಿಯಲ್ಲೇ ಕೇಳಿದರು.

“ಒಂದು ಕೇಳ್ತೇನೆ. ಹೌದಾದ್ರೆ ಹೌದು ಅಂತ ಹೇಳು, ಅಲ್ಲದಿದ್ರೆ ಅಲ್ಲ ಅಂತ ಹೇಳು. ಭಾನುವಾರ ಬೆಳಿಗ್ಗೆ ಆ ಮೋರಿ ತನಕ ಬಂದು ತಿರುಗಿ ಹೋಗುದು ನೀನಾ?”

“ನಾನಾದ್ರೆ ಏನಕ್ಕ?”

“ನೀನಾದ್ರೆ ನಾನು ಮಂಗಳೂರಿಗೆ ಹೋಗ್ತೇನೆ. ನೀನಲ್ಲದಿದ್ರೆ ಹೋಗ್ಲಿಕ್ಕೆ ಆಗುದಿಲ್ಲ. ಬಂದವರಿಗೆ ಗೇಟು ತೆಗೀಲಿಕ್ಕೆ ಒಬ್ಬರು ಬೇಕಲ್ಲ.”

ನಾನಲ್ಲ ಎಂದು ಸತ್ಯ ಹೇಳಿದರೆ ಆ ಹೆಂಗಸು ಆ ಗೇಟಿಗೆ ಕಾವಲು ಕುಳಿತು ಮುದುಕಿಯಾಗುತ್ತಾರೆ. ಸುಳ್ಳು ಹೇಳಿದರೆ ಊರಿಗೆ ಹೋಗುತ್ತಾರೆ, ಆದರೆ ಭಾನುವಾರ ಬರುತ್ತಿದ್ದವರನ್ನು ನಾನೇ ಅವರಿಂದ ಕಿತ್ತುಕೊಂಡ ಹಾಗಾಗುತ್ತದೆ. ಪೋರ್ಚಿನಲ್ಲಿ ನಿಂತ ನನ್ನ ಕಾರು ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು.

“ನಾನೇ ಅಕ್ಕ,” ಎಂದೆ.

ಎರ್ನಾಕುಲಂನಿಂದ ಇಲ್ಲಿಗೆ ಬಂದು ಮೋರಿಯಿಂದ ತಿರುಗಿ ಹೋಗುವುದಾ ಎಂದು ಅವರು ಕೇಳಿದರು. ನಮ್ಮ ಹುಚ್ಚು ನಿಮಗೆ ಗೊತ್ತಲ್ಲ ಅಕ್ಕ, ಭಾನುವಾರ ರಸ್ತೆ ಖಾಲಿ, ಓಡಿಸುತ್ತಾ ಬಂದುಬಿಡುತ್ತೇನೆ, ಒಳಗೆ ಬಂದು ನಿಮ್ಮ ಮುಖ ನೋಡಲು ಧೈರ್ಯವಾಗುವುದಿಲ್ಲ ಎಂದೆ. ಬೇರೆ ಯಾರ ಹೆಂಡತಿಯೂ ಈ ಮಾತು ನಂಬುತ್ತಿರಲಿಲ್ಲ. ಹೊಸ ಟೈರಿನ ಸದ್ದು ಕೇಳಲೆಂದೇ ಕೊಲ್ಲಂ ತನಕ ಹೋಗಿ ಬರುತ್ತಿದ್ದ ಗಂಡನನ್ನು ಕಂಡವರು ನಂಬಿದ ಹಾಗೆ ಕಾಣಿಸಿತು.

“ನಡುವೆ ತಟ್ಟುದೂ ನೀನೇ?”

“ಕಲ್ತೆ.”

ಅಕ್ಕ ಇನ್ನೊಂದು ಬೀನ್ಸಿನ ನಾರು ಎಳೆದು, “ಹಾಗಾದ್ರೆ ನೀನು,” ಎಂದರು. ಆ ದನಿ ಕೇಳಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ರಾಮಚಂದ್ರಣ್ಣ ಎರಡನೆಯ ಸಲ ತೀರಿಕೊಂಡ ಹಾಗಾಗಿತ್ತು. ರಾತ್ರಿ ಊಟಕ್ಕೆ ಅವರು ಬಡಿಸಿದ ಪಲ್ಯವನ್ನು ನಾನು ತಟ್ಟೆಯ ಸುತ್ತ ಓಡಿಸಿದೆ.

ಮರುದಿನ ಭಾನುವಾರ. ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದರು, ಹಿಂದಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ನಾನೂ ಅನಘಾಳೂ ಸಿಟ್‌ಔಟಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ನನ್ನ ಕಾರು ಎದುರಿಗೆ ನಿಂತಿತ್ತು, ಗಾಜಿನ ಮೇಲೆ ಇಬ್ಬನಿ, ಕೀಲಿ ನನ್ನ ಪರ್ಸಿನಲ್ಲಿ.

ಗಲ್ಲಿಯ ಆಚೆಯಿಂದ ಎಂಜಿನ್ ಸದ್ದು ಬಂತು. ನಮ್ಮ ಮಾದರಿಯದೇ, ತಪ್ಪಾಗುವ ಮಾತೇ ಇಲ್ಲ. ಮೂರನೆಯ ಗೇರಿನಲ್ಲಿ ಬಂದು, ಮೋರಿಯ ಮುಂದೆ ಕಾಲೆತ್ತಿತು. ಕೆಮ್ಮು. ತಟ್ಟು. ಕೆಮ್ಮು.

ಅನಘಾ ಫೋನ್ ನೋಡುತ್ತಿದ್ದಳು. ಅವಳ ಹೆಬ್ಬೆರಳು ಪರದೆಯ ಮೇಲೆ ಹಾಗೆಯೇ ನಿಂತಿತು, ತಲೆ ಎತ್ತಲಿಲ್ಲ. ನಾನು ಎದ್ದದ್ದು ನನಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ನಾನು ಗೇಟಿನ ಬಳಿ ನಿಂತು ಚಿಲಕ ಎಳೆದಿದ್ದೆ, ಗೇಟು ನೆಲ ಕೆರೆಯುತ್ತಾ ತೆರೆದಿತ್ತು. ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಎದುರು ಮನೆಯ ದಾಸವಾಳದ ಗಿಡ ಅಲುಗಲಿಲ್ಲ. ಪೆಟ್ರೋಲಿನ ವಾಸನೆ ಮಾತ್ರ ಇತ್ತು, ತಣ್ಣಗಿನ ಬೆಳಿಗ್ಗೆ ಹಳೆಯ ಎಂಜಿನ್ ಎದ್ದಾಗ ಬರುವಂಥದ್ದು. ನಾನು ಕಾರಿಗೆ ಜಾಗ ಬಿಡುವ ಹಾಗೆ ಗೋಡೆಗೆ ಒತ್ತಿ ನಿಂತಿದ್ದೆ. ಭಯವಾಯಿತೇ ಎಂದು ಕೇಳಿದರೆ, ಹೌದು, ಆಯಿತು. ಆದರೂ ಗೇಟು ಹಾಕಲು ಮನಸ್ಸು ಬರಲಿಲ್ಲ.

ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದರು. ಗೇಟು ಯಾರು ತೆಗೆದದ್ದು ಎಂದು ಕೇಳಿದರು.

“ನಾನೇ. ಹಾಲಿನವರು ಬಂದ ಹಾಗಾಯ್ತು.”

“ನಮ್ಮದು ಪ್ಯಾಕೆಟ್ ಹಾಲು,” ಎಂದರು ಅಕ್ಕ.

ನನ್ನನ್ನು ನೋಡಿದರು, ನನ್ನ ಕಾರನ್ನು ನೋಡಿದರು, ಅದರ ಗಾಜಿನ ಮೇಲಿನ ಇಬ್ಬನಿಯನ್ನು ನೋಡಿದರು. ಆಮೇಲೆ ಒಳಗೆ ಹೋಗಿ, ಅಟ್ಟದ ಮೇಲಿಂದ ಸೂಟ್‌ಕೇಸು ಇಳಿಸು ಎಂದು ಮಗಳನ್ನು ಕರೆದರು. ಅವರು ನನ್ನ ಸುಳ್ಳನ್ನು ನಂಬಿ ಹೊರಟರೋ, ನಂಬದೆ ಹೊರಟರೋ ಇಂದಿಗೂ ನನಗೆ ತಿಳಿಯದು. ಕೇಳುವ ಧೈರ್ಯವೂ ಇಲ್ಲ. ಅನಘಾ ಎರ್ನಾಕುಲಂನಲ್ಲಿ ಇಳಿಯುವಾಗ ನನ್ನ ಕೈ ಹಿಡಿದುಕೊಂಡು, ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ, ಕನ್ನಡದಲ್ಲಿ, “ನನಗೂ ಕೇಳಿತು ಆಂಟೀ,” ಎಂದಳು. ನನಗೆ ಅಮ್ಮನ ನೆನಪಾಯಿತು.

ಅಕ್ಕ ಮಂಗಳೂರಿಗೆ ಹೋಗಿ ಕೆಲಸಕ್ಕೆ ಸೇರಿದರು. ತಂಗಿಯ ಮನೆಯ ಹತ್ತಿರವೇ ಒಂದು ಮನೆ ಹಿಡಿದು, ಹೋದ ಸೋಮವಾರ ಹಾಲುಕ್ಕಿಸಿದರು. ಇಲ್ಲಿ ನನ್ನ ಕಾರು ಗುರುವಾರದಿಂದ ಗಂಟಲಿಲ್ಲದೆ ಕೆಳಗೆ ಮುಸುಕು ಹೊದ್ದು ನಿಂತಿದೆ. ಸೈಲೆನ್ಸರ್ ಬಾಲ್ಕನಿಯಲ್ಲಿದೆ.

ಇಂದು ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಫೋನ್ ಬಂತು. ಅಕ್ಕನ ದನಿಯಲ್ಲಿ ಎಷ್ಟೋ ಕಾಲದ ಮೇಲೆ ಸಣ್ಣ ನಗುವಿತ್ತು.

“ಎಂತ ಮಾರಾಯ್ತಿ, ಅಷ್ಟು ದೂರದಿಂದ ಬಂದು ಗೇಟಿಂದಲೇ ತಿರುಗಿ ಹೋಗುದಾ? ಒಳಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗ್ಬಹುದಿತ್ತು.”

ನನ್ನ ಕಾಲಬಳಿ ಸೈಲೆನ್ಸರ್ ಇತ್ತು. ಒದ್ದೆ ಟವೆಲಿನಿಂದ ಹನಿಗಳು ಅದರ ಮೇಲೆ ಬೀಳುತ್ತಿದ್ದವು. ನಾನು ಬಗ್ಗಿ ಅದನ್ನು ಮುಟ್ಟಿದೆ. ಬಿಸಿಯಾಗಿತ್ತು. ಬಾಲ್ಕನಿಗೆ ಬಿಸಿಲು ಬರುವುದು ಮಧ್ಯಾಹ್ನದ ಮೇಲೆ.

“ಹೊಸ ಗೇಟಲ್ವಾ ಅಕ್ಕ, ನಿಮ್ಮದು ಹೌದೋ ಅಲ್ವೋ ಅಂತ ಗೊತ್ತಾಗಲಿಲ್ಲ,” ಎಂದೆ. “ಮುಂದಿನ ಭಾನುವಾರ ತೆಗೆದಿಡಿ.”

“ತೆಗೆದಿಡ್ತೇನೆ,” ಎಂದರು ಅಕ್ಕ.